ತೂಕ ಇಳಿಯಲಿ, ಕಾಲಿನ ಬಲ ಉಳಿಯಲಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ, ಕಂಬಂ ಕಣಿವೆ ಹಾಗೂ ದಿಂಡುಗಲ್ ಭಾಗದ ಕನ್ನಡ ಮನೆಮಾತಿನ ಹಿರಿಯರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯೊಂದು ತನ್ನ ಸಂಭ್ರಮವನ್ನು ತನ್ನ ಅಂಗಳದಲ್ಲಿಯೇ ಮುಗಿಸಬಾರದು, ಕನ್ನಡ ಮನೆಮಾತಾಗಿ ಉಳಿದಿರುವ ದೂರದ ಊರುಗಳಿಗೂ ಹೋಗಿ ಬರಬೇಕು ಎಂಬುದು ನಮ್ಮ ಶತಮಾನೋತ್ಸವ ಸಮಿತಿಯ ತೀರ್ಮಾನ. ಆ ತೀರ್ಮಾನದಂತೆ ನಾವು ಇಲ್ಲಿಗೆ ಬಂದಿದ್ದೇವೆ. ಕಪ್ಪಿಲಿಯರು, ಒಕ್ಕಲಿಗರು, ಅನುಪ್ಪರು, ನೇಕಾರ ದೇವಾಂಗರು ಎಂದು ಬೇರೆ ಬೇರೆ ಹೆಸರಿನಿಂದ ಕರೆಸಿಕೊಳ್ಳುವ ನೀವು, ಓದುಬರಹವೆಲ್ಲ ತಮಿಳಿನಲ್ಲಿ ನಡೆದರೂ ತಲೆಮಾರುಗಳಿಂದ ಒಲೆಯ ಮುಂದೆ ಕನ್ನಡವನ್ನೇ ಆಡುತ್ತ ಬಂದವರು. ನಿಮ್ಮ ನಡುವೆ ನಿಂತು ಮಾತನಾಡುವುದು ನಮಗೆ ಗೌರವದ ಸಂಗತಿ. ನಮ್ಮ ಪುಸ್ತಕದ ಕನ್ನಡ ಎಲ್ಲಿ ತೊಡಕಾಯಿತೋ ಅಲ್ಲಿ ದಯವಿಟ್ಟು ಕೈಯೆತ್ತಿ ತಡೆಯಿರಿ.

ಸಮಿತಿಯವರು ನಮಗೆ ಮೊದಲು ಸೂಚಿಸಿದ್ದ ವಿಷಯ ಭಾಷೆ. ಇಲ್ಲಿನ ಹಿರಿಯರೊಬ್ಬರು ದೂರವಾಣಿಯಲ್ಲಿ ಅದನ್ನು ಕೇಳಿ, “ಅಮ್ಮಾ, ಕನ್ನಡವನ್ನು ನಾವು ಹೇಗೂ ಆಡುತ್ತೇವೆ. ಸಕ್ಕರೆ ಕಾಯಿಲೆಗೆ, ಮಂಡಿನೋವಿಗೆ, ಮೈ ಭಾರಕ್ಕೆ ಏನು ಮಾಡಬೇಕೆಂದು ಹೇಳುವವರಿದ್ದರೆ ಕರೆತನ್ನಿ” ಎಂದರು. ನಾವು ವೈದ್ಯರಲ್ಲ. ಕನ್ನಡದಲ್ಲಿ ಎಂ.ಎ., ಆಮೇಲೆ ಬಿ.ಎಡ್. ಮಾಡಿ ಮಕ್ಕಳಿಗೆ ಪಾಠ ಹೇಳಿಕೊಂಡು ಬಂದವರು. ಆದರೆ ಐವತ್ತು ದಾಟಿದ ಮೇಲೆ ಈ ವಿಷಯ ನಮ್ಮದೂ ಆಗಿದೆ. ಹಾಗಾಗಿ ಓದಿ, ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇವೆ. ಭಾಷೆಗೂ ಇದಕ್ಕೂ ಸಂಬಂಧವೇ ಇಲ್ಲವೆಂದೂ ಅಲ್ಲ. ಶಾಲೆಯಲ್ಲಿ ಕನ್ನಡವಿಲ್ಲದ ಈ ಸೀಮೆಯಲ್ಲಿ ಮೊಮ್ಮಕ್ಕಳಿಗೆ ಅದು ದಾಟುವುದು ಅಜ್ಜಿಯ ಬಾಯಿಯಿಂದ. ಅಜ್ಜಿ ಎದ್ದು ಓಡಾಡಿಕೊಂಡಿದ್ದಷ್ಟು ಕಾಲ ಮನೆಯಲ್ಲಿ ಆ ಮಾತು ಕೇಳಿಸುತ್ತಿರುತ್ತದೆ.

ಮೊದಲು ಈ ಕಣಿವೆಯ ಕಥೆಯನ್ನೇ ನೋಡೋಣ. 1895ರಲ್ಲಿ ಪೆನ್ನಿಕ್ವಿಕ್ ಅವರ ಪೆರಿಯಾರ್ ಅಣೆಕಟ್ಟು ಮುಗಿಯಿತು. ಪಡುವಣಕ್ಕೆ ಹರಿಯುತ್ತಿದ್ದ ನೀರು ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಮೂಡಣಕ್ಕೆ ತಿರುಗಿ ನಿಮ್ಮ ಗದ್ದೆಗಳಿಗೆ ಬಂತು. ಆ ಮಹನೀಯರ ಭಾವಚಿತ್ರವನ್ನು ಇಲ್ಲಿನ ಮನೆಗಳಲ್ಲಿ ದೇವರ ಪಟದ ಪಕ್ಕದಲ್ಲಿ ಕಂಡಿದ್ದೇವೆ. ಅದು ಸಲ್ಲತಕ್ಕ ಗೌರವವೇ. ನೀರು ಬಂದ ಮೇಲೆ ಕಣಿವೆಯ ತಳಭಾಗ ವರ್ಷಕ್ಕೆ ಎರಡು ಬೆಳೆ ಭತ್ತ ಕಾಣುವ ಗದ್ದೆಯಾಯಿತು. ರಾಗಿ, ಸಜ್ಜೆ, ಜೋಳ, ಸಾಮೆಗಳು ಮಳೆಯಾಶ್ರಿತ ಹೊಲಕ್ಕೆ ಸರಿದವು. ಹಬ್ಬಕ್ಕೆ ಬೇಯುತ್ತಿದ್ದ ಅನ್ನ ದಿನದ ಊಟವಾಯಿತು. 2011ರಿಂದ ಪಡಿತರದ ಅಂಗಡಿಯಲ್ಲಿ ಅಕ್ಕಿ ಉಚಿತವೇ ಆಯಿತು. ಹಸಿವನ್ನು ಕಂಡ ತಲೆಮಾರು ಇದನ್ನು ಭಾಗ್ಯವೆಂದು ಬಗೆದದ್ದರಲ್ಲಿ ತಪ್ಪೇನಿದೆ? ಅನ್ನವನ್ನು ಹಳಿಯುವ ಭಾಷಣ ಮಾಡಲು ನಾವು ಬಂದಿಲ್ಲ.

ಆದರೆ ಅದೇ ಕಾಲದಲ್ಲಿ ಮೈ ಮಾಡುವ ಕೆಲಸ ಕಡಿಮೆಯಾಯಿತು. ಬೆಟ್ಟದ ಏಲಕ್ಕಿ ತೋಟಗಳಿಗೆ ಈಗ ಜೀಪಿನಲ್ಲಿ ಹೋಗುತ್ತೇವೆ. ನೀರು ಸೇದುವ ಬಾವಿಯ ಬದಲು ನಲ್ಲಿ, ಬೀಸುವ ಕಲ್ಲಿನ ಬದಲು ಗ್ರೈಂಡರು, ಒರಳಿನ ಬದಲು ಮಿಕ್ಸಿ. ಈ ಬದಲಾವಣೆಗಳಲ್ಲಿ ಒಂದನ್ನೂ ನಾವು ವಾಪಸು ಕೊಡಲು ಸಿದ್ಧರಿಲ್ಲ, ವಿಶೇಷವಾಗಿ ಹೆಂಗಸರು. ಬೀಸುವ ಕಲ್ಲಿನ ಹಿರಿಮೆಯನ್ನು ಹಾಡಿ ಹೊಗಳುವವರು ಬಹುಮಟ್ಟಿಗೆ ಅದನ್ನು ಬೀಸದವರೇ. ಆದರೂ ಲೆಕ್ಕ ಲೆಕ್ಕವೇ. ತಟ್ಟೆಯಲ್ಲಿ ಅನ್ನ ಏರಿತು, ತೋಳುಕಾಲುಗಳ ಕೆಲಸ ಇಳಿಯಿತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದೆ. ತಮಿಳುನಾಡಿನಲ್ಲಿ ಆ ಪ್ರಮಾಣ 14.4. ಹೊಟ್ಟೆಯ ಬೊಜ್ಜು ಇರುವವರು ದೇಶದಲ್ಲಿ ನೂರಕ್ಕೆ ಸುಮಾರು 40 ಮಂದಿ.

ಹಾಗಿದ್ದರೆ ಎಲ್ಲರೂ ತೂಕ ಇಳಿಸಿಬಿಡುವುದೇ ಪರಿಹಾರವೇ? ನಲವತ್ತರ ವಯಸ್ಸಿನವರಿಗೆ ಹೌದು ಎಂದು ಹೇಳಿ ಮುಗಿಸಬಹುದಿತ್ತು. ಅರವತ್ತು, ಎಪ್ಪತ್ತರವರಿಗೆ ಹಾಗೆ ಹೇಳಿದರೆ ಅರ್ಧ ಸತ್ಯವಾಗುತ್ತದೆ. ನಾವು ಇಷ್ಟು ದೂರ ಬಂದು ಹೇಳಬೇಕೆಂದಿರುವುದು ಆ ಉಳಿದರ್ಧವನ್ನೇ.

ಶರೀರದ ತೂಕವೆಂದರೆ ಕೊಬ್ಬು ಮಾತ್ರವಲ್ಲ. ಅದರಲ್ಲಿ ಮೂಳೆಯಿದೆ, ನೀರಿದೆ, ಮಾಂಸಖಂಡವಿದೆ. ನಡುವಯಸ್ಸು ದಾಟಿದ ಮೇಲೆ ಮಾಂಸಖಂಡ ತಾನಾಗಿಯೇ ವರ್ಷವರ್ಷಕ್ಕೂ ಸವೆಯುತ್ತ ಹೋಗುತ್ತದೆ. ಊಟ ಬಿಟ್ಟು ತೂಕ ಇಳಿಸಿದಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ತಕ್ಕಡಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ಎರಡನ್ನೂ ಒಂದೇ ಕಿಲೋ ಎಂದು ತೋರಿಸುತ್ತದೆ. ಬಿಟ್ಟ ಊಟವನ್ನು ಮತ್ತೆ ಹಿಡಿದಾಗ ಕೊಬ್ಬು ಬೇಗ ಮರಳುತ್ತದೆ, ಮಾಂಸಖಂಡ ಅಷ್ಟು ಸುಲಭವಾಗಿ ಮರಳುವುದಿಲ್ಲ. ಎರಡು ಮೂರು ಸಲ ಹೀಗೆ ಏರಿಳಿದವರು ಕಡೆಗೆ ಮೊದಲಿನಷ್ಟೇ ತೂಕದಲ್ಲಿ ಮೊದಲಿಗಿಂತ ದುರ್ಬಲರಾಗಿ ನಿಲ್ಲುತ್ತಾರೆ. ಬಚ್ಚಲುಮನೆಯಲ್ಲಿ ಕಾಲು ಜಾರಿದಾಗ ತಡೆದು ನಿಲ್ಲಿಸಬೇಕಾದದ್ದು ತೊಡೆಯ ಬಲ. ಅದಿಲ್ಲದಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಹಿರಿಯರಲ್ಲಿ ಸೊಂಟದ ಮೂಳೆ ಮುರಿದರೆ ಆಮೇಲಿನ ಬದುಕು ಹೇಗಾಗುತ್ತದೆಂಬುದನ್ನು ಇಲ್ಲಿರುವ ಬಹಳ ಮಂದಿ ತಮ್ಮ ಮನೆಗಳಲ್ಲಿಯೇ ಕಂಡಿದ್ದೀರಿ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ 65 ದಾಟಿದ, ಬೊಜ್ಜುಳ್ಳ 160 ಮಂದಿಯನ್ನು ಗುಂಪುಗಳಾಗಿ ಮಾಡಿ ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ತೂಕ ಇಳಿಸುವಾಗ ಕೆಲವರು ನಡಿಗೆಯಂಥ ವ್ಯಾಯಾಮ ಮಾತ್ರ ಮಾಡಿದರು, ಕೆಲವರು ಭಾರ ಎತ್ತುವ ವ್ಯಾಯಾಮ ಮಾತ್ರ, ಮತ್ತೆ ಕೆಲವರು ಎರಡನ್ನೂ ಮಾಡಿದರು. ನಡಿಗೆಯಂಥದು ಮಾತ್ರ ಮಾಡಿದವರಲ್ಲಿ ಕೊಬ್ಬಲ್ಲದ ತೂಕ ನೂರಕ್ಕೆ 5 ಭಾಗ ಕಳೆಯಿತು; ಭಾರ ಎತ್ತಿದವರಲ್ಲಿ 2, ಎರಡನ್ನೂ ಮಾಡಿದವರಲ್ಲಿ 3. ಎದ್ದು ಕುಳಿತು ನಡೆದಾಡುವ ಶಕ್ತಿಯಲ್ಲಿ ಎಲ್ಲರಿಗಿಂತ ಮುಂದೆ ಬಂದವರು ಎರಡನ್ನೂ ಮಾಡಿದವರು.

ನಮಗೆ ಇನ್ನೂ ಹತ್ತಿರದ್ದು ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿದರು. ಊಟವನ್ನು ತಿದ್ದಿಕೊಂಡು ನಡೆದಾಡಿದವರಲ್ಲಿ ರೋಗ ಹತ್ತುವ ಸಂಭವ ನೂರಕ್ಕೆ 28ರಷ್ಟು ಕಡಿಮೆಯಾಯಿತು. ಇದರಲ್ಲಿ ನಮ್ಮ ಗಮನ ಸೆಳೆದ ಸಂಗತಿಯೆಂದರೆ, ಅವರ ತೂಕ ಹೇಳಿಕೊಳ್ಳುವಷ್ಟೇನೂ ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಕದಲದಿದ್ದರೂ ಒಳಗೆ ಒಳ್ಳೆಯದಾಗುತ್ತಿತ್ತು. “ಆರು ತಿಂಗಳಿಂದ ನಡೆಯುತ್ತಿದ್ದೇನೆ, ಒಂದು ಕಿಲೋ ಇಳಿಯಲಿಲ್ಲ, ಬಿಟ್ಟುಬಿಟ್ಟೆ” ಎನ್ನುವವರು ಈ ಸಂಗತಿಯನ್ನು ಕೇಳಿಸಿಕೊಳ್ಳಬೇಕು.

ಹಾಗೆಂದು ಭಾರವಿದ್ದರೂ ಚಿಂತೆಯಿಲ್ಲವೆಂದು ನಾವು ಹೇಳುತ್ತಿಲ್ಲ. ಮಂಡಿ ಸವೆದವರಿಗೆ, ರಕ್ತದೊತ್ತಡ, ಸಕ್ಕರೆ ಇರುವವರಿಗೆ ತೂಕ ಸ್ವಲ್ಪ ಇಳಿದರೂ ಉಪಕಾರವಿದೆ. 72 ಕಿಲೋ ಇರುವ ತಾಯಿಯೊಬ್ಬರು ನೂರಕ್ಕೆ ಐದರಂತೆ ಮೂರೂವರೆ ಕಿಲೋ ಇಳಿಸಿದರೂ ಮಂಡಿಗೆ ಅದು ತಿಳಿಯುತ್ತದೆ. ಮದುವೆಯ ಕಾಲದ ತೂಕಕ್ಕೆ ಹಿಂತಿರುಗಬೇಕಾಗಿಲ್ಲ. ಆತುರವೂ ಬೇಡ, ತಿಂಗಳಿಗೆ ಒಂದು ಕಿಲೋ ಇಳಿದರೆ ಧಾರಾಳವಾಯಿತು. ತಕ್ಕಡಿಗಿಂತ ದರ್ಜಿಯ ಟೇಪನ್ನು ನಂಬಿ. ನಮ್ಮ ದೇಶದವರಿಗೆ ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ದಾಟಬಾರದೆಂದು ವೈದ್ಯರು ಹೇಳುತ್ತಾರೆ.

ಇನ್ನೊಂದು ಮಾತನ್ನು ಸ್ವಲ್ಪ ಒತ್ತಿಯೇ ಹೇಳಬೇಕು. ನಮ್ಮ ಸಹೋದ್ಯೋಗಿಯೊಬ್ಬರ ತಾಯಿ ಒಂದು ವರ್ಷದಲ್ಲಿ ಬಹಳ ಇಳಿದರು. ಮದುವೆ ಮುಂಜಿಗಳಲ್ಲಿ ಕಂಡವರೆಲ್ಲ “ಎಷ್ಟು ಚೆನ್ನಾಗಿ ಇಳಿದಿದ್ದೀರಿ, ಏನು ಮಾಡಿದಿರಿ?” ಎಂದು ಕೇಳಿದರು. ಅವರು ಏನೂ ಮಾಡಿರಲಿಲ್ಲ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು, ಎಷ್ಟು ನೀರು ಕುಡಿದರೂ ಬಾಯಾರಿಕೆ ತಣಿಯುತ್ತಿರಲಿಲ್ಲ. ಪರೀಕ್ಷೆ ಮಾಡಿಸುವ ಹೊತ್ತಿಗೆ ಸಕ್ಕರೆ ಮಿತಿಮೀರಿತ್ತು, ಕಣ್ಣಿನ ಹಿಂಪರದೆಗೂ ಪೆಟ್ಟು ಬಿದ್ದಿತ್ತು. ಪ್ರಯತ್ನವಿಲ್ಲದೆ ತೂಕ ಇಳಿದರೆ ಅದು ಅಭಿನಂದಿಸುವ ಸಂಗತಿಯಲ್ಲ. ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ ಐದರಷ್ಟು ತೂಕ ತಾನಾಗಿ ಇಳಿದಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು. ಮಧುಮೇಹ, ಕ್ಷಯ, ಥೈರಾಯ್ಡ್, ಕ್ಯಾನ್ಸರ್, ಮನಸ್ಸಿನ ಖಿನ್ನತೆ, ಕಡೆಗೆ ಸರಿಯಾಗಿ ಕೂರದ ಕಟ್ಟುಹಲ್ಲು, ಯಾವುದಾದರೂ ಕಾರಣವಿರಬಹುದು. ಸೀರೆಯ ರವಿಕೆ ಸಡಿಲವಾದದ್ದನ್ನು ಮೊದಲು ಕಾಣುವವಳು ಸೊಸೆ ಅಥವಾ ಮಗಳು, ಅವಳು ಸುಮ್ಮನಿರಬಾರದು.

ಕಣ್ಣಿನ ಮಾತು ಬಂದದ್ದರಿಂದ ಹೇಳುತ್ತೇವೆ. ತೇನಿಯಲ್ಲಿ 1985ರಿಂದ ಅರವಿಂದ ಕಣ್ಣಾಸ್ಪತ್ರೆ ಇದೆ. ಸಕ್ಕರೆ ಕಾಯಿಲೆಯವರು ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ ತೋರಿಸಿಕೊಳ್ಳಬೇಕು. ಇಷ್ಟು ಹತ್ತಿರದಲ್ಲಿ ಇಂಥ ಅನುಕೂಲ ಎಲ್ಲ ಊರಿನವರಿಗೂ ಇಲ್ಲ. ಹಾಗೆಯೇ 2021ರ ಆಗಸ್ಟಿನಲ್ಲಿ ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ರಕ್ತದೊತ್ತಡದ, ಸಕ್ಕರೆಯ ಮಾತ್ರೆಗಳು ಮನೆ ಬಾಗಿಲಿಗೇ ಬರುತ್ತವೆ. ಬಂದ ಮಾತ್ರೆಯನ್ನು ಡಬ್ಬಿಯಲ್ಲಿ ಕೂಡಿಡದೆ ನುಂಗಬೇಕೆಂಬುದಷ್ಟೇ ನಮ್ಮ ಪ್ರಾರ್ಥನೆ.

ಈಗ ಊಟದ ಮಾತು. ಬಹಳ ಮಂದಿ ರಾಗಿಯ ಬಗ್ಗೆ ಕೇಳುತ್ತೀರಿ. ನಮ್ಮ ಕಡೆ ಮುದ್ದೆ, ಇಲ್ಲಿ ತಮಿಳಿನಲ್ಲಿ ಕಳಿ. ರಾಗಿ ಒಳ್ಳೆಯದೇ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸಿನ ಸುಣ್ಣದ ಅಂಶವಿದೆ. ಅಷ್ಟು ಸುಣ್ಣ ಬೇರೆ ಯಾವ ಧಾನ್ಯದಲ್ಲಿಯೂ ಇಲ್ಲ. ನಾರೂ ಹೆಚ್ಚು. ನೀಲಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ 2023ರಿಂದ ಪಡಿತರದಲ್ಲಿ ಸ್ವಲ್ಪ ಅಕ್ಕಿಯ ಬದಲು ಎರಡು ಕಿಲೋ ರಾಗಿ ಕೊಡುವ ಏರ್ಪಾಡು ಬಂದಿದೆ. ಆದರೆ ರಾಗಿ ಮಂತ್ರವಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿಗೆ ಬೆಲ್ಲ ಹಾಕಿ ಎರಡು ಲೋಟ ಕುಡಿದು, “ನಾನು ಅನ್ನ ಬಿಟ್ಟಿದ್ದೇನೆ” ಎನ್ನುವವರ ರಕ್ತದಲ್ಲಿ ಸಕ್ಕರೆ ಏರದೆ ಏನಾದೀತು? ಮುಷ್ಟಿಯಷ್ಟು ಒಂದು ಮುದ್ದೆ, ಅದರ ಜೊತೆ ಧಾರಾಳವಾಗಿ ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ. ಇದು ಊಟ. ಮುದ್ದೆ ಎರಡಾಗಿ ಸಾರು ತಿಳಿಯಾದರೆ ಅಕ್ಕಿ ಬಿಟ್ಟು ರಾಗಿ ಹಿಡಿದ ಪ್ರಯೋಜನ ಅಷ್ಟಕ್ಕಷ್ಟೆ.

ಹಿರಿಯರ ತಟ್ಟೆಯಲ್ಲಿ ನಿಜವಾದ ಕೊರತೆ ಪ್ರೋಟೀನಿನದು. ಮಾಂಸಖಂಡ ಉಳಿಯಬೇಕಾದರೆ ಹಿರಿಯರಿಗೆ ದಿನಕ್ಕೆ ಶರೀರದ ಪ್ರತಿ ಕಿಲೋಗೆ ಒಂದು ಗ್ರಾಮಿನಷ್ಟಾದರೂ ಪ್ರೋಟೀನು ಬೇಕೆಂದು ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಅರವತ್ತು ಕಿಲೋ ಇರುವವರಿಗೆ ಅರವತ್ತು ಗ್ರಾಂ. ಒಂದು ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಿನಲ್ಲಿ ಆರೇಳು, ಒಂದು ಹಿಡಿ ಹುರುಳಿಯಲ್ಲಿ ಏಳು ಗ್ರಾಂ. ನೀವೇ ಕೂಡಿಸಿ ನೋಡಿ. ಬೆಳಗ್ಗೆ ಇಡ್ಲಿ ಚಟ್ನಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಎರಡು ದೋಸೆ ಎಂಬ ತಟ್ಟೆಯಲ್ಲಿ ಲೆಕ್ಕ ಅರ್ಧಕ್ಕೇ ನಿಂತರೂ ನಿಲ್ಲಬಹುದು. ನಮ್ಮ ಹೆಂಗಸರ ತಟ್ಟೆಯಲ್ಲಿ ಅದು ಇನ್ನೂ ಕೆಳಗೆ. ಮೊಟ್ಟೆ ಮೊಮ್ಮಗನಿಗೆ, ಹಾಲು ಮೊಮ್ಮಗಳಿಗೆ, ಮೀನಿನ ನಡುತುಂಡು ಮಗನಿಗೆ, ಪಾತ್ರೆಯ ತಳದ ರಸ ತನಗೆ. ಇದನ್ನು ತ್ಯಾಗವೆಂದು ಹೊಗಳಿದ್ದು ಸಾಕೆಂದು ನಮಗನ್ನಿಸುತ್ತದೆ. ಗಂಡ ತೀರಿಕೊಂಡ ಮೇಲೆ ರಾತ್ರಿ ಊಟವನ್ನೇ ಬಿಟ್ಟು ಒಂದು ಲೋಟ ಮಜ್ಜಿಗೆ ಕುಡಿದು ಮಲಗುವ ತಾಯಂದಿರೂ ಇದ್ದಾರೆ. ಅವರ ತೂಕ ಇಳಿಯುತ್ತದೆ, ಹೌದು. ಇಳಿಯುವುದು ಯಾವುದೆಂದು ಆಗಲೇ ಹೇಳಿದೆವು.

ಉಪವಾಸದ ಬಗ್ಗೆ ಒಂದೇ ಮಾತು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಷಷ್ಠಿ, ಏಕಾದಶಿಗಳ ಉಪವಾಸ ಮಾಡಬಾರದು. ಸಕ್ಕರೆ ಏಕಾಏಕಿ ಕುಸಿದು ಪ್ರಜ್ಞೆ ತಪ್ಪಬಹುದು. ಮುರುಗನು ಇದನ್ನು ಕ್ಷಮಿಸದಷ್ಟು ಕಠಿಣನೇನಲ್ಲ.

ಹಣ್ಣಿನ ನಾಡಿನಲ್ಲಿ ನಿಂತು ಹಣ್ಣಿನ ಮಾತು ಬಿಟ್ಟರೆ ನೀವು ಬಿಡುವುದಿಲ್ಲ. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ದಿಂಡುಗಲ್ ಕಡೆಯ ಸಿರುಮಲೈ, ವಿರೂಪಾಕ್ಷಿ ಬೆಟ್ಟಗಳ ಬಾಳೆಗೆ ಅದಕ್ಕೂ ಮೊದಲೇ ಸಿಕ್ಕಿತ್ತು. ಸಕ್ಕರೆ ಕಾಯಿಲೆಯವರು ಇವನ್ನು ಮುಟ್ಟಲೇಬಾರದು ಎನ್ನುವುದು ಅತಿಯಾಯಿತು. ಬೆಟ್ಟದ ಚಿಕ್ಕ ಬಾಳೆಹಣ್ಣು ಒಂದು, ಇಲ್ಲವೇ ಹತ್ತು ಹನ್ನೆರಡು ದ್ರಾಕ್ಷಿ, ಊಟದ ಬದಲಿಗಾಗಿ ಅಲ್ಲ, ಊಟದಲ್ಲಿ ಅನ್ನ ಸ್ವಲ್ಪ ತಗ್ಗಿಸಿ. ರಸ ಹಿಂಡಿ ಕುಡಿಯುವುದು ಬೇಡ. ದಿಂಡುಗಲ್ಲಿನ ಬಿರಿಯಾನಿಯ ವಿಷಯದಲ್ಲಿ ನಾವು ಮೌನ ವಹಿಸುತ್ತೇವೆ. ಬರುವಾಗ ದಾರಿಯಲ್ಲಿ ಆ ಸೀರಗ ಸಾಂಬಾ ಅಕ್ಕಿಯ ಪರಿಮಳ ಬಸ್ಸಿನೊಳಕ್ಕೆ ಬಂದಾಗ ನಮ್ಮ ಶಿಕ್ಷಕಿಯರ ಮುಖದಲ್ಲಿ ಕಂಡದ್ದನ್ನು ಇಲ್ಲಿ ಹೇಳುವುದು ಸರಿಯಲ್ಲ.

ವ್ಯಾಯಾಮಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಹಿರಿಯರು ವಾರಕ್ಕೆ 150 ನಿಮಿಷವಾದರೂ ಸ್ವಲ್ಪ ಬಿರುಸಾಗಿ ನಡೆಯಬೇಕು. ಜೊತೆಗೆ ವಾರಕ್ಕೆ ಮೂರು ದಿನ ಬಲವನ್ನೂ ಸಮತೋಲನವನ್ನೂ ಹೆಚ್ಚಿಸುವ ವ್ಯಾಯಾಮ ಬೇಕು. ನಡಿಗೆಯನ್ನು ಈಗ ಎಲ್ಲರೂ ಬಲ್ಲರು. ಎರಡನೆಯದನ್ನು ಕೇಳಿದವರೇ ಕಡಿಮೆ. ‘ಭಾರ ಎತ್ತುವುದು’ ಎಂದರೆ ನಮ್ಮ ಹಿರಿಯರು ನಗುತ್ತಾರೆ, ಅದು ಮೀಸೆ ಬಂದ ಹುಡುಗರ ಕೆಲಸವೆಂದು. ಆದರೆ 1990ರಲ್ಲಿಯೇ ಅಮೆರಿಕದ ವೈದ್ಯೆ ಮರಿಯಾ ಫಿಯಾಟರೋನೆ ಮತ್ತು ಅವರ ಸಂಗಡಿಗರು ವೃದ್ಧಾಶ್ರಮವೊಂದರ ಹತ್ತು ಮಂದಿಗೆ, ಸುಮಾರು ತೊಂಬತ್ತರ ವಯಸ್ಸಿನವರಿಗೆ, ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮಿಕ್ಕಿ ಏರಿತು. ತೊಂಬತ್ತಕ್ಕೆ ಆಗುವುದಾದರೆ ಅರವತ್ತೈದಕ್ಕೆ ಆಗದೆಂದು ಹೇಳುವುದು ಹೇಗೆ?

ಇದಕ್ಕೆ ಜಿಮ್ ಬೇಡ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯೊಂದು ಸಾಕು. ಕೈಯೂರದೆ ಎದ್ದು ನಿಲ್ಲಿ, ನಿಧಾನವಾಗಿ ಕುಳಿತುಕೊಳ್ಳಿ. ಮೊದಲ ವಾರ ಐದು ಸಲ, ಆಮೇಲೆ ಎಂಟು, ಹತ್ತು. ಕೈಯೂರದೆ ಆಗದಿದ್ದರೆ ಒಂದು ಕೈ ಊರಿ ಆರಂಭಿಸಿ. ಕುಳಿತುಕೊಳ್ಳುವಾಗ ದೊಪ್ಪನೆ ಬೀಳಬಾರದು. ನಿಧಾನವಾಗಿ ಇಳಿಯುವಾಗಲೂ ತೊಡೆ ಕೆಲಸ ಮಾಡುತ್ತದೆ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತು ಇಳಿಯಿರಿ; ಸಾರು ಕುದಿಯುವಷ್ಟರಲ್ಲಿ ಇದು ಮುಗಿಯುತ್ತದೆ. ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಿ. ಎರಡು ಒಂದು ಲೀಟರಿನ ನೀರಿನ ಬಾಟಲಿ ಎರಡು ಕೈಗೆ. ಎದೆನೋವು, ತಲೆಸುತ್ತು ಬರುವವರು, ಹೃದಯದ ಚಿಕಿತ್ಸೆ ಆದವರು ಮೊದಲು ವೈದ್ಯರನ್ನು ಕೇಳಬೇಕು. ಉಸಿರು ಬಿಗಿಹಿಡಿದು ಯಾವುದನ್ನೂ ಮಾಡಬಾರದು.

ಪಳನಿಯ ಮೆಟ್ಟಿಲು ಹತ್ತುವುದು ವ್ಯಾಯಾಮವಲ್ಲವೇ ಎಂದು ನಿನ್ನೆ ಒಬ್ಬ ತಾಯಿ ಕೇಳಿದರು. ಹೌದು, ಉತ್ತಮ ವ್ಯಾಯಾಮ. ಆದರೆ ವರ್ಷಕ್ಕೊಮ್ಮೆ ತೈಪೂಸದಲ್ಲಿ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ, ಹದಿನೈದು ದಿನ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗುವುದರಿಂದ ಏನೂ ಬರುವುದಿಲ್ಲ. ಎರಡು ತಿಂಗಳು ಮೊದಲೇ ಮನೆಯ ಮೆಟ್ಟಿಲಿನಲ್ಲಿ ಅಭ್ಯಾಸ ಮಾಡಿ ಹೋಗಿ. ಹತ್ತುವುದು ಉಸಿರಿಗೆ ಕಷ್ಟ, ಇಳಿಯುವುದು ಮಂಡಿಗೆ ಕಷ್ಟ; ಇಳಿಯುವಾಗ ರೋಪ್ ಕಾರಿನಲ್ಲಿ ಬಂದರೆ ಪುಣ್ಯವೇನೂ ಕಡಿಮೆಯಾಗದು.

ಈಗ ವಾರಕ್ಕೊಂದು ಚುಚ್ಚುಮದ್ದಿನಿಂದ ತೂಕ ಇಳಿಸುವ ಔಷಧಗಳು ನಮ್ಮ ದೇಶಕ್ಕೂ ಬಂದಿವೆ. ಮಕ್ಕಳು ಪರದೇಶದಿಂದ ಅದರ ಬಗ್ಗೆ ಹೇಳುತ್ತಾರೆಂದು ಕೆಲವರು ತಿಳಿಸಿದರು. ಅದು ಬೇಕೇ ಬೇಡವೇ ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ನಾವು ಹೇಳುವುದಿಷ್ಟೇ: ಆ ಮದ್ದಿನಿಂದ ಇಳಿದ ತೂಕದಲ್ಲಿಯೂ ಮಾಂಸಖಂಡದ ಪಾಲು ಇರುತ್ತದೆ. ಮದ್ದು ತೆಗೆದುಕೊಂಡವರಿಗೂ ಕುರ್ಚಿ ತಪ್ಪಿದ್ದಲ್ಲ, ಹುರುಳಿಯೂ ತಪ್ಪಿದ್ದಲ್ಲ.

ನಾಳೆ ನಾವು ದಿಂಡುಗಲ್ ಮಾರ್ಗವಾಗಿ ಹಿಂತಿರುಗುವಾಗ ಗಾಂಧಿಗ್ರಾಮಕ್ಕೆ ಹೋಗುವವರಿದ್ದೇವೆ. ಡಾ. ಟಿ. ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿಗಳು 1947ರಲ್ಲಿ ಚಿನ್ನಾಳಪಟ್ಟಿಯ ಪಕ್ಕದಲ್ಲಿ ಕಟ್ಟಿದ ಸಂಸ್ಥೆಯದು. ವೈದ್ಯೆಯಾದ ಆ ತಾಯಿ ಶಾಲೆಯನ್ನೂ ಆಸ್ಪತ್ರೆಯನ್ನೂ ಒಂದೇ ಅಂಗಳದ ಕೆಲಸವೆಂದು ನೋಡಿದವರು. ಶಾಲೆಯವರಿಗೆ ಆರೋಗ್ಯದ ಗೊಡವೆ ಏಕೆಂದು ನಮ್ಮಲ್ಲಿ ಕೇಳಿದವರಿಗೆ ನಾವು ಕೊಟ್ಟ ಉತ್ತರ ಅವರ ಹೆಸರು.

ಮಾತು ಇಲ್ಲಿಗೆ ಸಾಕು. ಹೊರಗಿನ ಮಂಟಪದಲ್ಲಿ ನಮ್ಮ ಶಿಕ್ಷಕಿಯರು ಎರಡು ಟೇಪು, ಆರು ಕುರ್ಚಿ ಇಟ್ಟುಕೊಂಡು ಕುಳಿತಿದ್ದಾರೆ. ಹೆಂಗಸರ ಅಳತೆಗೆ ಬಲಗಡೆ ಪರದೆ ಕಟ್ಟಿದೆ. ಅಳತೆಯನ್ನು ಚೀಟಿಯಲ್ಲಿ ಬರೆದು ನಿಮ್ಮ ಕೈಗೇ ಕೊಡುತ್ತಾರೆ, ಯಾರೂ ಗಟ್ಟಿಯಾಗಿ ಓದುವುದಿಲ್ಲ. ಕೈಯೂರದೆ ಎಷ್ಟು ಸಲ ಏಳುತ್ತೀರೆಂಬುದನ್ನೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಆರು ತಿಂಗಳ ಬಳಿಕ ಮತ್ತೆ ಬರುವಾಗ ಅದನ್ನು ಕೇಳುತ್ತೇವೆ. ಊಟಕ್ಕೆ ಮುದ್ದೆ, ಹುರುಳಿ ಸಾರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ ಇದೆ. ಮುದ್ದೆ ತಲೆಗೊಂದು ಮಾತ್ರ. ಸಾರು ಎಷ್ಟು ಬೇಕಾದರೂ ಕೇಳಿ ಹಾಕಿಸಿಕೊಳ್ಳಿ.